ಬೂಟು ಬಿಚ್ಚಿ ಕೂತ ಮನುಷ್ಯ

ಅಮ್ಮ ಅಮೆರಿಕಕ್ಕೆ ಬಂದು ಆರು ತಿಂಗಳು ಇದ್ದಳು. ಅಷ್ಟು ದಿನಗಳಲ್ಲಿ ಅವಳು ಮನಸಾರೆ ಒಪ್ಪಿಕೊಂಡ ಅಮೆರಿಕನ್ ಒಬ್ಬನೇ. ಅವನೂ ಟೀವಿಯೊಳಗಿದ್ದ.

2000ನೇ ಇಸವಿ. ಪಿಟ್ಸ್‌ಬರ್ಗಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಇವರು ಬೆಳಗ್ಗೆ ಆಫೀಸಿಗೆ ಹೊರಟರೆ ಆಮೇಲೆ ಮನೆಯಲ್ಲಿ ನಾನು, ಮೂರು ವರ್ಷದ ಪುಟ್ಟಿ, ತೀರ್ಥಹಳ್ಳಿಯಿಂದ ಬಂದ ಅಮ್ಮ. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದ್ದೇನೋ ಹೌದು. ಆದರೆ ದಿನಸಿ ಅಂಗಡಿಯ ಹುಡುಗಿ ‘ಪೇಪರ್ ಆರ್ ಪ್ಲಾಸ್ಟಿಕ್’ ಅಂತ ಮೂರು ಸಲ ಕೇಳಿದರೂ, ಅವಳು ಕೇಳುತ್ತಿರುವುದು ಚೀಲದ ಬಗ್ಗೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಆ ಊರಿನಲ್ಲಿ ಎಲ್ಲರೂ ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಮಾತಾಡುತ್ತಿದ್ದರು. ಒಬ್ಬರನ್ನು ಬಿಟ್ಟು.

ದಿನಕ್ಕೊಮ್ಮೆ ಸ್ಥಳೀಯ ಸಾರ್ವಜನಿಕ ವಾಹಿನಿ ಡಬ್ಲ್ಯು.ಕ್ಯು.ಇ.ಡಿ.ಯಲ್ಲಿ ‘ಮಿಸ್ಟರ್ ರೋಜರ್ಸ್ ನೇಬರ್‌ಹುಡ್’ ಬರುತ್ತಿತ್ತು. ತೆಳ್ಳನೆಯ, ಬಿಳಿ ಕೂದಲಿನ ಒಬ್ಬರು ಹಾಡು ಹೇಳುತ್ತಾ ಬಾಗಿಲು ತೆಗೆದು ಮನೆಯೊಳಗೆ ಬರುತ್ತಾರೆ. ಕೋಟು ಬಿಚ್ಚಿ ನೇತುಹಾಕುತ್ತಾರೆ, ಜಿಪ್ಪಿನ ಸ್ವೆಟರ್ ತೊಡುತ್ತಾರೆ. ಕೂತು, ಕಾಲಿನ ಬೂಟು ಬಿಚ್ಚುತ್ತಾರೆ. ಬಿಚ್ಚಿದ ಬೂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಸಣ್ಣಗೆ ಎಸೆದು ಹಿಡಿಯುತ್ತಾರೆ. ಆಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡು ಲಾಡಿ ಕಟ್ಟುತ್ತಾರೆ. ಇಷ್ಟು ಆಗುವವರೆಗೆ ಬೇರೇನೂ ನಡೆಯುವುದಿಲ್ಲ. ದಿನವೂ ಇದೇ.

ಮೊದಲ ದಿನ ಅಮ್ಮ ಬಸಳೆ ಸೋಸುತ್ತಿದ್ದವಳು ತಲೆಯೆತ್ತಿ ನೋಡಿದಳು. "ನೋಡೇ ಮಾರಾಯ್ತಿ, ಈ ಊರಲ್ಲಿ ಇವನೊಬ್ಬನಿಗೇ ಬುದ್ಧಿ ಇರೋದು. ಹೊರಗಿನ ಬೂಟು ಬಿಚ್ಚಿ ಒಳಗೆ ಬಂದ."

ಮರುದಿನ ಇನ್ನಷ್ಟು ಗಮನವಿಟ್ಟು ನೋಡಿ ಕೇಳಿದಳು: "ಅದ್ಸರಿ, ಬಿಚ್ಚಿದವ ಮತ್ತೊಂದು ಎಂತಕ್ಕೆ ಹಾಕ್ಕೊಳ್ತಾನೆ?"

ನನಗೂ ಗೊತ್ತಿರಲಿಲ್ಲ. ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಆ ಕ್ಯಾನ್ವಾಸ್ ಶೂನ ಮೂಲ ಹುಡುಕಲು ಹೋಗಿಯೇ ಆ ಮನುಷ್ಯನ ಇಡೀ ಬದುಕನ್ನು ಓದಿಕೊಂಡೆ ಎನ್ನಬೇಕು.

ಫ್ರೆಡ್ ರೋಜರ್ಸ್ ಹುಟ್ಟಿದ್ದು 1928ರ ಮಾರ್ಚ್ 20ರಂದು, ಪಿಟ್ಸ್‌ಬರ್ಗಿಗೆ ಹತ್ತಿರದ ಲಾಟ್ರೋಬ್ ಎಂಬ ಊರಿನಲ್ಲಿ. ಅನುಕೂಲಸ್ಥರ ಮನೆ. ಹುಡುಗನಿಗೆ ಉಬ್ಬಸ, ಮೈ ಸ್ವಲ್ಪ ದಪ್ಪ, ಶಾಲೆಯಲ್ಲಿ ಅದಕ್ಕೊಂದು ಅಡ್ಡಹೆಸರು. ಹೊರಗೆ ಆಡಲು ಆಗದ ದಿನಗಳಲ್ಲಿ ಕೋಣೆಯಲ್ಲಿ ಕೂತು ಗೊಂಬೆಗಳಿಗೆ ದನಿ ಕೊಡುವುದು, ಪಿಯಾನೊ ನುಡಿಸುವುದು. 1951ರಲ್ಲಿ ಫ್ಲಾರಿಡಾದ ರೋಲಿನ್ಸ್ ಕಾಲೇಜಿನಲ್ಲಿ ಸಂಗೀತದ ಪದವಿ. ಮುಂದೆ ಪಾದ್ರಿಯಾಗುವ ಯೋಚನೆ ಇತ್ತು. ಅಷ್ಟರಲ್ಲಿ ರಜೆಗೆ ಮನೆಗೆ ಬಂದಾಗ ಅಪ್ಪ ಅಮ್ಮ ಟೀವಿ ತಂದಿದ್ದರು. ಅದರಲ್ಲಿ ಜನ ಒಬ್ಬರ ಮುಖಕ್ಕೊಬ್ಬರು ಕಡುಬು ಎಸೆದು ನಗುತ್ತಿದ್ದರಂತೆ. ಇಷ್ಟು ದೊಡ್ಡ ಸಾಧನ ಇಂಥ ಕೆಲಸಕ್ಕೆ ಬಳಕೆಯಾಗುತ್ತಿದೆಯಲ್ಲ ಎಂದು ಸಿಟ್ಟು ಬಂತು. ಟೀವಿಯನ್ನು ದ್ವೇಷಿಸಿದ್ದರಿಂದಲೇ ಟೀವಿಗೆ ಸೇರಿದೆ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ.

ನ್ಯೂಯಾರ್ಕಿನ ಎನ್.ಬಿ.ಸಿ.ಯಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಸಹಾಯಕನಾಗಿ ಎರಡು ವರ್ಷ. ಅಲ್ಲಿ ಗ್ಯಾಬಿ ಹೇಯ್ಸ್ ಎಂಬ ಗಡ್ಡದ ಕೌಬಾಯ್ ನಟ ಮಕ್ಕಳ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಅಷ್ಟು ಲಕ್ಷ ಜನ ನೋಡುತ್ತಿರುತ್ತಾರೆ, ಕ್ಯಾಮೆರಾ ನೋಡುವಾಗ ಏನಂದುಕೊಳ್ಳುತ್ತೀರಿ ಎಂದು ಈ ಹುಡುಗ ಕೇಳಿದ. ಒಬ್ಬನೇ ಒಬ್ಬ ಪುಟ್ಟ ಹುಡುಗನನ್ನು ನೆನೆಸಿಕೊಳ್ಳುತ್ತೇನೆ ಎಂದರು ಹೇಯ್ಸ್. ಎರಡು ವರ್ಷದ ನೌಕರಿಯಲ್ಲಿ ಗಂಟು ಕಟ್ಟಿಕೊಂಡು ಬರುವಂಥ ಮಾತು ಸಿಕ್ಕಿದ್ದು ಅದೊಂದೇ ಎಂದು ಕಾಣುತ್ತದೆ.

1953ರಲ್ಲಿ ಎನ್.ಬಿ.ಸಿ. ಬಿಟ್ಟು ಪಿಟ್ಸ್‌ಬರ್ಗಿಗೆ ವಾಪಸ್. ಅಲ್ಲಿ ಊರಿನವರೇ ದುಡ್ಡು ಹಾಕಿ ಕಟ್ಟುತ್ತಿದ್ದ ಡಬ್ಲ್ಯು.ಕ್ಯು.ಇ.ಡಿ. ಇನ್ನೂ ಪ್ರಸಾರವನ್ನೇ ಆರಂಭಿಸಿರಲಿಲ್ಲ. 1954ರ ಏಪ್ರಿಲ್‌ನಲ್ಲಿ ಶುರುವಾದ ‘ಚಿಲ್ಡ್ರನ್ಸ್ ಕಾರ್ನರ್’ ಕಾರ್ಯಕ್ರಮದಲ್ಲಿ ಕ್ಯಾಮೆರಾದ ಮುಂದೆ ಇದ್ದದ್ದು ಜೋಸಿ ಕ್ಯಾರಿ. ರೋಜರ್ಸ್ ಪರದೆಯ ಹಿಂದೆ. ಯೋಜನೆ ಇದ್ದದ್ದು ಅಲ್ಲಿ ಇಲ್ಲಿ ಪುಕ್ಕಟೆ ಸಿಗುವ ಕಿರುಚಿತ್ರಗಳನ್ನು ತೋರಿಸುವುದು. ನೇರ ಪ್ರಸಾರದಲ್ಲಿ ಆ ಹಳೇ ರೀಲುಗಳು ಪಟ್ಟನೆ ತುಂಡಾಗುತ್ತಿದ್ದವು. ತುಂಡಾದಾಗ ಏನಾದರೂ ಮಾಡಬೇಕಲ್ಲ. ವಾಹಿನಿಯ ಮ್ಯಾನೇಜರ್ ಡೊರೊಥಿ ಡೇನಿಯಲ್ ಹಿಂದಿನ ರಾತ್ರಿ ಉಡುಗೊರೆಯಾಗಿ ಕೊಟ್ಟಿದ್ದ ಹುಲಿಯ ಕೈಗೊಂಬೆ ಇತ್ತು. ಬಣ್ಣ ಬಳಿದ ಗಡಿಯಾರದ ತೂತಿನಿಂದ ಅದನ್ನು ಹೊರಗೆ ತೂರಿಸಿ ಮಾತಾಡಿಸಿದರು. ಕೊಟ್ಟವರ ಹೆಸರೇ ಹುಲಿಗೂ ಬಂತು: ಡೇನಿಯಲ್. ನಾಚಿಕೆ ಸ್ವಭಾವದ, ಗಡಿಯಾರದೊಳಗೆ ಬದುಕುವ ಆ ಪಟ್ಟೆಹುಲಿ ಮುಂದೆ ಸುಮಾರು ಐವತ್ತು ವರ್ಷ ರೋಜರ್ಸ್ ಕೈಬಿಡಲಿಲ್ಲ. ಇವತ್ತಿನ ಮಕ್ಕಳು ನೋಡುವ ‘ಡೇನಿಯಲ್ ಟೈಗರ್’ ಕಾರ್ಟೂನು ಅದರದೇ ಸಂತಾನ.

ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಇಲ್ಲೇ. ಪರದೆಯ ಹಿಂದೆ ಒಂದು ಕಡೆ ಆರ್ಗನ್ ವಾದ್ಯ, ಇನ್ನೊಂದು ಕಡೆ ಗೊಂಬೆಗಳು. ಹಾಡಿಗೆ ನುಡಿಸುವವರೂ ಇವರೇ, ಗೊಂಬೆಯಾಡಿಸುವವರೂ ಇವರೇ. ಅತ್ತಿಂದಿತ್ತ ಓಡುವಾಗ ಬೂಟಿನ ಟಪಟಪ ಮೈಕಿಗೆ ಕೇಳುತ್ತಿತ್ತು. ಸದ್ದಾಗದಿರಲಿ ಎಂದು ಕ್ಯಾನ್ವಾಸ್ ಶೂ ಹಾಕಿಕೊಂಡರು. ಆ ಪರದೆಯ ಹಿಂದಿನ ಓಡಾಟ ನಿಂತ ಮೇಲೂ ಶೂ ಉಳಿಯಿತು. ಸ್ವೆಟರಿನದು ಇನ್ನೂ ಸರಳ: ಅವರ ತಾಯಿ ಹೆಣೆದು ಕೊಡುತ್ತಿದ್ದರು. ಅದರಲ್ಲಿ ಕೆಂಪು ಬಣ್ಣದ್ದೊಂದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ಈ ನಡುವೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ದೇವತಾಶಾಸ್ತ್ರದ ತರಗತಿಗೆ ಹೋಗುತ್ತಿದ್ದರು. ಊಟದ ಬಿಡುವಿನಲ್ಲಿ ಓದಿದರೆ ಎಂಟು ವರ್ಷ ಹಿಡಿಯುತ್ತದೆ. ಹಿಡಿಯಿತು. 1963ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚು ಅವರಿಗೆ ದೀಕ್ಷೆ ಕೊಟ್ಟು, ಚರ್ಚಿನಲ್ಲಿ ಉಪದೇಶ ಮಾಡುವ ಬದಲು ಟೀವಿಯ ಮೂಲಕ ಮಕ್ಕಳ ಸೇವೆ ಮಾಡು ಎಂದಿತು. ಅದೇ ವರ್ಷ ಕೆನಡಾದ ಸಿ.ಬಿ.ಸಿ.ಯಿಂದ ಫ್ರೆಡ್ ರೇನ್ಸ್‌ಬೆರಿ ಎಂಬವರು ಕರೆದರು: ನೀವು ಮಕ್ಕಳ ಜೊತೆ ಮಾತಾಡುವುದನ್ನು ನೋಡಿದ್ದೇನೆ, ಕ್ಯಾಮೆರಾದ ಮುಂದೆಯೂ ಹಾಗೇ ಮಾತಾಡಿ. ಟೀವಿಗೆ ಸೇರಿ ಹನ್ನೆರಡು ವರ್ಷ ಆದ ಮೇಲೆ ಅವರ ಮುಖ ಟೀವಿಯಲ್ಲಿ ಕಾಣಿಸತೊಡಗಿದ್ದು ಟೊರಾಂಟೋದಲ್ಲಿ, ದಿನಕ್ಕೆ ಹದಿನೈದು ನಿಮಿಷ. ಅಲ್ಲಿಂದ ಪಿಟ್ಸ್‌ಬರ್ಗಿಗೆ ಮರಳಿ, 1968ರ ಫೆಬ್ರವರಿ 19ರಂದು ದೇಶದ ತುಂಬ ಪ್ರಸಾರ ಶುರು. ಕೊನೆಯ ಹೊಸ ಕಂತು 2001ರ ಆಗಸ್ಟ್ 31ರಂದು. ನಡುವೆ ಸುಮಾರು 900 ಕಂತು. ಬರವಣಿಗೆ, 200ಕ್ಕೂ ಹೆಚ್ಚು ಹಾಡು, ರಾಜನಿಂದ ಗೂಬೆಯವರೆಗೆ ಮುಖ್ಯ ಗೊಂಬೆಗಳ ದನಿ, ಎಲ್ಲ ಅವರದೇ.

ಈ ಅಂಕಿಗಳಲ್ಲಿ ಒಂದು ತಗ್ಗು ಇದೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಅವರು ನಿಲ್ಲಿಸಿಬಿಟ್ಟಿದ್ದರು. ಮಕ್ಕಳಿಗೆ ಹೇಳಬೇಕಾದ್ದು ಹೇಳಿಯಾಯಿತು, ಇನ್ನು ಹಳೆಯ ಕಂತುಗಳೇ ಓಡಲಿ ಎಂದು ದೊಡ್ಡವರಿಗಾಗಿ ಒಂದು ಸಂದರ್ಶನ ಸರಣಿ ಮಾಡಿದರು. ಅದು ಹೆಚ್ಚು ದಿನ ನಡೆಯಲಿಲ್ಲ. 1979ರಲ್ಲಿ ಮತ್ತೆ ಅದೇ ಬಾಗಿಲು ತೆಗೆದು ಒಳಗೆ ಬಂದರು. ಆ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಎರಡನೇ ಇನ್ನಿಂಗ್ಸಿನಲ್ಲೇ ವಿಚ್ಛೇದನ, ಯುದ್ಧದಂಥ ವಿಷಯಗಳಿಗೆ ಒಂದೊಂದು ವಾರ ಮೀಸಲಿಟ್ಟರು. ದೊಡ್ಡವರ ಜೊತೆ ಸೋತದ್ದು ಮಕ್ಕಳಿಗೆ ಲಾಭವಾಯಿತು.

ರೋಜರ್ಸ್ ಅಂದರೆ ಎಲ್ಲರೂ ಒಬ್ಬರಿಗೊಬ್ಬರು ಕಳಿಸುವ ವಿಡಿಯೋ ಒಂದಿದೆ. 1969ರ ಮೇ 1. ಸಾರ್ವಜನಿಕ ಟೀವಿಗೆ ಸಿಗಬೇಕಾದ 20 ಮಿಲಿಯನ್ ಡಾಲರಿಗೆ ನಿಕ್ಸನ್ ಸರ್ಕಾರ ಕತ್ತರಿ ಹಾಕಲು ಹೊರಟಿದೆ. ಸೆನೆಟ್ ಉಪಸಮಿತಿಯ ಅಧ್ಯಕ್ಷ ಜಾನ್ ಪಾಸ್ಟೋರ್ ಕೇಳಿ ಕೇಳಿ ಬೇಸತ್ತಿದ್ದಾರೆ. ರೋಜರ್ಸ್ ಬರೆದು ತಂದದ್ದನ್ನು ಓದದೆ ಆರು ನಿಮಿಷ ಮಾತಾಡಿ, ಸಿಟ್ಟು ಬಂದಾಗ ಏನು ಮಾಡಬಹುದು ಎಂಬ ತಮ್ಮ ಹಾಡಿನ ಸಾಲುಗಳನ್ನು ಹೇಳುತ್ತಾರೆ. ಮೈ ಜುಮ್ಮೆಂದಿತು, 20 ಮಿಲಿಯನ್ ನಿಮ್ಮದಾಯಿತು ಅನ್ನುತ್ತಾರೆ ಪಾಸ್ಟೋರ್. ಚೆನ್ನಾಗಿದೆ, ಸಿನಿಮಾದ ಹಾಗಿದೆ. ನನಗೆ ಮಾತ್ರ ಅದರಲ್ಲಿ ಹಿಡಿಸಿದ್ದು ಅವರು ಕೊಟ್ಟ ಲೆಕ್ಕ. ಶುರುವಿನಲ್ಲಿ ಒಂದು ಕಾರ್ಯಕ್ರಮಕ್ಕೆ 30 ಡಾಲರ್ ಇತ್ತು, ಈಗ 6,000 ಇದೆ, ಆ 6,000ಕ್ಕೆ ಎರಡು ನಿಮಿಷದ ಕಾರ್ಟೂನೂ ಹುಟ್ಟುವುದಿಲ್ಲ ಅಂದರು. ಮನೆ ಖರ್ಚಿನ ಪುಸ್ತಕ ಬರೆಯುವವರ ಮಾತು ಅದು. ಪಾಸ್ಟೋರ್ ಕರಗಿದ್ದು ಹಾಡಿಗೋ ಲೆಕ್ಕಕ್ಕೋ ಹೇಳುವುದು ಕಷ್ಟ.

ಸಂತ ಅನ್ನುವಂತೆ ಬರೆದವರೂ ಇದ್ದಾರೆ. ನನಗೆ ಆ ಮಾತು ಒಗ್ಗುವುದಿಲ್ಲ. 1969ರಲ್ಲಿ, ಈಜುಕೊಳಗಳಲ್ಲಿ ಕರಿಯರಿಗೆ ಜಾಗ ಕೊಡಲು ಹಲವೆಡೆ ಇನ್ನೂ ತಕರಾರು ಇದ್ದ ಕಾಲದಲ್ಲಿ, ಪೊಲೀಸ್ ಪಾತ್ರದ ಕರಿಯ ನಟ ಫ್ರಾಂಸ್ವಾ ಕ್ಲೆಮನ್ಸ್ ಅವರನ್ನು ಕರೆದು ಒಂದೇ ಪ್ಲಾಸ್ಟಿಕ್ ತೊಟ್ಟಿಯ ನೀರಿನಲ್ಲಿ ಇಬ್ಬರೂ ಕಾಲಿಟ್ಟು ಕೂತರು. ಒಂದು ಮಾತೂ ಆಡದೆ ಹೇಳಿದ್ದು. ಅದೇ ಕ್ಲೆಮನ್ಸ್ ಸಲಿಂಗಿ ಎಂದು ಗೊತ್ತಾದಾಗ, ಅದು ಬಹಿರಂಗವಾದರೆ ಕಾರ್ಯಕ್ರಮದಲ್ಲಿ ಇರಲಾಗದು ಎಂದದ್ದೂ ಇದೇ ರೋಜರ್ಸ್. ಪ್ರಾಯೋಜಕರು ಓಡಿಹೋಗುತ್ತಿದ್ದರು, ಕಾಲ ಹಾಗಿತ್ತು, ಎಲ್ಲ ಸರಿ. ಕ್ಲೆಮನ್ಸ್ ಕ್ಷಮಿಸಿದ್ದಾರೆ, ಪ್ರೀತಿಯಿಂದಲೇ ನೆನೆಯುತ್ತಾರೆ. ಆದರೂ ತೊಟ್ಟಿಯ ಕತೆ ಹೇಳುವವರು ಇದನ್ನೂ ಹೇಳಬೇಕು.

ನನಗೆ ಅವರ ವೃತ್ತಿಯಲ್ಲಿ ನಿಜವಾಗಿ ದೊಡ್ಡದು ಅನ್ನಿಸುವುದು ಪದಗಳ ಜೊತೆ ಅವರು ಪಟ್ಟ ಪಾಡು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಮೆಕ್‌ಫಾರ್ಲಂಡ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞೆ ಇದ್ದರು. 1988ರಲ್ಲಿ ಆಕೆ ತೀರಿಕೊಳ್ಳುವವರೆಗೂ, ಹತ್ತಿರ ಹತ್ತಿರ ಮೂವತ್ತು ವರ್ಷ, ರೋಜರ್ಸ್ ವಾರ ವಾರವೂ ಬರೆದದ್ದನ್ನು ಹಿಡಿದುಕೊಂಡು ಹೋಗಿ ಅವರ ಮುಂದೆ ಕೂರುತ್ತಿದ್ದರು. ಮಕ್ಕಳು ಮಾತನ್ನು ಆಡಿದ ಹಾಗೇ ತೆಗೆದುಕೊಳ್ಳುತ್ತಾರೆ ಅನ್ನುವುದು ಅಲ್ಲಿನ ಪಾಠ. ಬಚ್ಚಲಿನ ತೂತಿನಲ್ಲಿ ನೀರಿನ ಜೊತೆ ತಾನೂ ಹೋಗಿಬಿಡುತ್ತೇನೆ ಎಂದು ಹೆದರುವ ಮಗುವಿಗಾಗಿ, ನೀನು ಅದರಲ್ಲಿ ಹೋಗುವುದಕ್ಕೆ ಸಾಧ್ಯವೇ ಇಲ್ಲ ಎಂದು ಒಂದು ಹಾಡನ್ನೇ ಬರೆದರು. ಆಸ್ಪತ್ರೆಯ ಬಗ್ಗೆ ಒಂದು ಚಿತ್ರದಲ್ಲಿ ನರ್ಸು ರಕ್ತದೊತ್ತಡದ ಪಟ್ಟಿಗೆ ಗಾಳಿ ತುಂಬುತ್ತಾ ‘ಬ್ಲೋ ಅಪ್’ ಅನ್ನುತ್ತಾಳೆ. ಉಬ್ಬಿಸುವುದಕ್ಕೂ ಬಾಂಬಿಟ್ಟು ಸಿಡಿಸುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತು. ಮಗು ಸಿಡಿತವನ್ನೇ ಕಾಯುತ್ತಾ ಕೂತರೆ ಮುಂದಿನ ಮಾತು ಕಿವಿಗೆ ಬೀಳುವುದಿಲ್ಲ ಎಂದು, ಆ ಮಾತನ್ನು ಬದಲಿಸಿ ಮತ್ತೆ ಧ್ವನಿಮುದ್ರಣ ಮಾಡಿಸಿದರು.

ಇದಕ್ಕೆ ಅವರ ಜೊತೆ ಕೆಲಸ ಮಾಡುತ್ತಿದ್ದ ಆರ್ಥರ್ ಗ್ರೀನ್‌ವಾಲ್ಡ್, ಬ್ಯಾರಿ ಹೆಡ್ ಎಂಬಿಬ್ಬರು ತಮಾಷೆಗೆ ‘ಫ್ರೆಡ್ಡಿಷ್’ ಎಂದು ಹೆಸರಿಟ್ಟು, 1977ರಲ್ಲಿ ಒಂಬತ್ತು ಹೆಜ್ಜೆಯ ಕೈಪಿಡಿಯನ್ನೇ ಬರೆದರು. ಅವರು ತೆಗೆದುಕೊಂಡ ಉದಾಹರಣೆಯನ್ನೇ ಕನ್ನಡದಲ್ಲಿ ಮಾಡಿ ನೋಡಿದ್ದೇನೆ. ‘ರಸ್ತೆಯಲ್ಲಿ ಆಡುವುದು ಅಪಾಯ.’ ಅಪಾಯ ಅನ್ನಬೇಡ, ಒಳ್ಳೆಯದನ್ನು ಹೇಳು: ‘ಭದ್ರವಾದ ಜಾಗದಲ್ಲಿ ಆಡುವುದು ಒಳ್ಳೆಯದು.’ ಭದ್ರ ಎಲ್ಲಿ ಅಂತ ಮಗುವಿಗೆ ಹೇಗೆ ಗೊತ್ತು? ‘ಎಲ್ಲಿ ಆಡಬಹುದು ಅಂತ ಅಪ್ಪ ಅಮ್ಮನನ್ನು ಕೇಳು.’ ಕೇಳು ಅಂದರೆ ಅಪ್ಪಣೆಯಾಯಿತು: ‘ಅಪ್ಪ ಅಮ್ಮ ಹೇಳುತ್ತಾರೆ.’ ಹೇಳದೇ ಹೋದರೆ? ‘ಹೇಳಬಹುದು.’ ಅಪ್ಪ ಅಮ್ಮ ಇಲ್ಲದ ಮಗು ನೋಡುತ್ತಿದ್ದರೆ? ‘ನಿನಗೆ ಇಷ್ಟವಾದ ದೊಡ್ಡವರು ಹೇಳಬಹುದು.’ ಹೀಗೆ ಇನ್ನೂ ಮೂರು ಹೆಜ್ಜೆ. ಕೊನೆಗೆ, ಅವರ ಮಾತು ಕೇಳಲು ಪ್ರಯತ್ನಿಸುವುದು ಮುಖ್ಯ, ಕೇಳಿಸಿಕೊಳ್ಳುವುದೂ ಬೆಳೆಯುವುದರ ಒಂದು ಭಾಗ ಅನ್ನುವಲ್ಲಿಗೆ ಬರುತ್ತದೆ. ಕೇಳಿದರೆ ನಗು ಬರುತ್ತದೆ, ಬರೆದವರೂ ನಗುತ್ತಲೇ ಬರೆದದ್ದು. ಆದರೆ ‘ಹೇಳುತ್ತಾರೆ’ಯಿಂದ ‘ಹೇಳಬಹುದು’ಗೆ ಬರುವ ಆ ಒಂದು ಹೆಜ್ಜೆಯಲ್ಲಿ, ಹೇಳದ ಅಪ್ಪನಿರುವ ಒಂದು ಮಗು ಕೂತಿದೆ.

ಈ ಪಾಠ ನನಗೆ ತಡವಾಗಿ ಸಿಕ್ಕಿತು. 2002ರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ನಾನೊಬ್ಬಳೇ ಊರಿಗೆ ಹೋಗಿ ಕಾರ್ಯ ಮುಗಿಸಿಕೊಂಡು ಬಂದೆ. ಐದು ವರ್ಷದ ಪುಟ್ಟಿ ಕೇಳಿದಳು, ಅಜ್ಜಿ ಎಲ್ಲಿ ಅಂತ.

"ಅಜ್ಜಿ ದೇವರ ಮನೆಗೆ ಹೋದ್ರು ಪುಟ್ಟಿ."

ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೇವರ ಮನೆ ಅಂದರೆ ಅಡುಗೆಮನೆ ಪಕ್ಕದ ಬಟ್ಟೆ ಕಪಾಟು. ಕೆಳಗಿನ ಹಲಗೆಯಲ್ಲಿ ವೆಂಕಟರಮಣನ ಫೋಟೋ, ಪೆನ್ ಹಿಲ್ಸ್ ದೇವಸ್ಥಾನದಿಂದ ತಂದ ಕುಂಕುಮ, ಹೊಗೆಗೆ ಅಲಾರಾಂ ಹೊಡೆಯುತ್ತದೆಂದು ಹಚ್ಚದೇ ಇಟ್ಟ ಊದುಬತ್ತಿ. ಸಂಜೆ ಹೊತ್ತಿಗೆ ಹುಡುಗಿ ಆ ಕಪಾಟಿನ ಬಾಗಿಲು ತೆಗೆದು, ನೇತುಹಾಕಿದ ಕೋಟುಗಳನ್ನು ಒಂದೊಂದಾಗಿ ಸರಿಸಿ ನೋಡುತ್ತಿದ್ದಳು. ನಾನು ಏನು ಮಾಡ್ತಿದ್ದೀಯೆ ಅಂತ ಗದರಿದೆ. ಕಾರಣ ಹೊಳೆದದ್ದು ರಾತ್ರಿ, ಅವಳು ಮಲಗಿದ ಮೇಲೆ.

ಸತ್ತ ಮೀನಿನ ಕಂತನ್ನು ನೋಡಿದ್ದು ಇನ್ನೂ ಎಷ್ಟೋ ವರ್ಷದ ಮೇಲೆ, ಯೂಟ್ಯೂಬಿನಲ್ಲಿ. 1970ರದ್ದು. ರೋಜರ್ಸ್ ಮೀನಿಗೆ ಕಾಳು ಹಾಕಲು ಹೋಗುತ್ತಾರೆ, ಒಂದು ಮೀನು ತೊಟ್ಟಿಯ ತಳದಲ್ಲಿ ಅಲ್ಲಾಡದೆ ಬಿದ್ದಿದೆ. ಅದನ್ನು ಎತ್ತಿ ಉಪ್ಪುನೀರಿಗೆ ಹಾಕಿ ನೋಡುತ್ತಾರೆ. ಏಳುವುದಿಲ್ಲ. ಕಾಗದದ ಟವೆಲಿನಲ್ಲಿ ಸುತ್ತಿ ಹಿತ್ತಲಿನಲ್ಲಿ ಮಣ್ಣು ಮಾಡುತ್ತಾರೆ. ಆಮೇಲೆ, ಚಿಕ್ಕವನಿದ್ದಾಗ ಮಿಟ್ಸಿ ಅನ್ನುವ ನಾಯಿ ಸತ್ತುಹೋಯಿತು, ನಾನು ಅತ್ತೆ, ಅಜ್ಜಿ ಬಂದು ಹೆಗಲ ಮೇಲೆ ಕೈ ಹಾಕಿದರು ಅನ್ನುತ್ತಾರೆ. ಎಲ್ಲಿಗೂ ‘ಹೋಯಿತು’ ಅನ್ನುವುದಿಲ್ಲ. ಸತ್ತಿತು ಅನ್ನುತ್ತಾರೆ. ಅಷ್ಟೇ ಮಾತು. ನಮ್ಮ ಕಡೆ ಕುಂಕುಮ ಚೆಲ್ಲಿದರೆ ‘ಹೆಚ್ಚಾಯಿತು’ ಅನ್ನುತ್ತೇವೆ, ದೀಪ ಆರಿದರೂ ಅದೇ ಮಾತು. ಅಂಥ ಭಾಷೆಯಲ್ಲಿ ಬೆಳೆದವಳು ನಾನು. ನನಗೆ ಆ ಒಂದು ಕ್ರಿಯಾಪದ ಬಾಯಿಗೆ ಬರಲಿಲ್ಲ.

ಮೀನಿನ ವಿಷಯಕ್ಕೇ ಇನ್ನೊಂದು. ಕಣ್ಣು ಕಾಣದ ಪುಟ್ಟ ಹುಡುಗಿಯೊಬ್ಬಳ ಮನೆಯಿಂದ ಪತ್ರ ಬಂತು: ನೀವು ಮೀನಿಗೆ ಕಾಳು ಹಾಕಿದ್ದು ನನಗೆ ತಿಳಿಯುವುದಿಲ್ಲ, ಹಸಿದಿವೆಯೇನೋ ಎಂದು ಚಿಂತೆಯಾಗುತ್ತದೆ, ದಯವಿಟ್ಟು ಬಾಯಿಬಿಟ್ಟು ಹೇಳಿ. ಅಲ್ಲಿಂದ ಮುಂದೆ ಕಾಳು ಹಾಕುವಾಗ, ಈಗ ಮೀನಿಗೆ ಊಟ ಹಾಕುತ್ತಿದ್ದೇನೆ ಅನ್ನುವುದು ರೂಢಿಯಾಯಿತು. ಕಣ್ಣಿದ್ದವರಿಗೆ ಅದೊಂದು ಅನಾವಶ್ಯಕ ಮಾತು. ನಾನೂ ಆಗ, ಇದನ್ನು ಬೇರೆ ಹೇಳಬೇಕೇ ಅಂದುಕೊಂಡಿದ್ದೆ.

ಮಾತಿನಷ್ಟೇ ಮೌನವನ್ನೂ ಅವರು ಅಳೆದು ಬಳಸುತ್ತಿದ್ದರು. ಒಂದು ನಿಮಿಷ ಎಷ್ಟು ಉದ್ದ ಎಂದು ತೋರಿಸಲು ಅಡುಗೆಮನೆಯ ಟೈಮರ್ ತಿರುಗಿಸಿಟ್ಟು ಸುಮ್ಮನೆ ಕೂತುಬಿಟ್ಟದ್ದಿದೆ. 1997ರಲ್ಲಿ ಜೀವಮಾನದ ಸಾಧನೆಗೆ ಎಮ್ಮಿ ಪ್ರಶಸ್ತಿ ಬಂದಾಗಲೂ, ನಿಮ್ಮನ್ನು ಪ್ರೀತಿಯಿಂದ ಬೆಳೆಸಿದವರನ್ನು ಹತ್ತು ಸೆಕೆಂಡ್ ನೆನೆಯಿರಿ, ಗಡಿಯಾರ ನಾನು ನೋಡಿಕೊಳ್ಳುತ್ತೇನೆ ಅಂದರು. ಆ ಥಳುಕಿನ ಸಭೆ ಗಪ್‌ಚಿಪ್. ಕನ್ನಡದಲ್ಲಿ ಇದಕ್ಕೆ ನಿಧಾನ ಅನ್ನಬೇಕು. ವಚನಗಳ ಕಾಲದಲ್ಲಿ ನಿಧಾನ ಅಂದರೆ ನೆಲದಡಿ ಹೂತಿಟ್ಟ ನಿಧಿ. ಪದ ಒಂದೇ, ಅರ್ಥ ಹೇಗೆ ಜಾರಿತೋ ಭಾಷಾಶಾಸ್ತ್ರದವರನ್ನು ಕೇಳಬೇಕು.

2003ರ ಫೆಬ್ರವರಿ 27ರಂದು, ಹೊಟ್ಟೆಯ ಕ್ಯಾನ್ಸರಿನಿಂದ, ರೋಜರ್ಸ್ ಹೋದರು. ನೋಡಿ, ಮತ್ತೆ ‘ಹೋದರು’ ಅಂದೆ. ನಾವು ಆಗಿನ್ನೂ ಅಲ್ಲೇ ಇದ್ದೆವು. ಪುಟ್ಟಿಗೆ ಹೇಳಿದೆ, ಮಿಸ್ಟರ್ ರೋಜರ್ಸ್ ಸತ್ತುಹೋದರು ಅಂತ. ಅವಳು, "ಆದ್ರೆ ನಾಳೆ ಬರ್ತಾರೆ ಅಲ್ವಾ ಟೀವಿಲಿ?" ಅಂದಳು. ಬಂದರು ಕೂಡ.

ಹೋದ ವರ್ಷ ಹಳೆಯ ಹ್ಯಾಂಡಿಕ್ಯಾಮಿನ ಟೇಪುಗಳನ್ನು ಮೈಸೂರಿನ ಒಂದು ಅಂಗಡಿಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿಕೊಂಡು ಬಂದೆ. ಒಂದರ ಮೇಲೆ ಇವರ ಅಕ್ಷರದಲ್ಲಿ ‘ಪುಟ್ಟಿ, ಜುಲೈ 2000’ ಅಂತಿದೆ. ಪುಟ್ಟಿ ಕಾರ್ಪೆಟ್ಟಿನ ಮೇಲೆ ಬಣ್ಣದ ಕಡ್ಡಿ ಹಿಡಿದು ಕೂತಿದ್ದಾಳೆ. ಹಿನ್ನೆಲೆಯಲ್ಲಿ ಟೀವಿ, ಚಿತ್ರದೊಳಗೆ ಅರ್ಧ ಮಾತ್ರ ಕಾಣುತ್ತದೆ. ರೋಜರ್ಸ್ ಏನೋ ಕೇಳುತ್ತಾರೆ. ಕೇಳಿ, ಎಂದಿನಂತೆ, ಮಗು ಉತ್ತರ ಹೇಳಲಿ ಎಂದು ಸುಮ್ಮನಾಗುತ್ತಾರೆ. ಪುಟ್ಟಿ ಗೀಚುವುದರಲ್ಲಿ ಮುಳುಗಿದ್ದಾಳೆ, ತಲೆ ಎತ್ತುವುದಿಲ್ಲ. ಆ ಖಾಲಿ ಜಾಗದಲ್ಲಿ, ಕ್ಯಾಮೆರಾಕ್ಕೆ ಕಾಣದ ಕಡೆಯಿಂದ, ಒಂದಕ್ಷರ ಇಂಗ್ಲಿಷ್ ಬಾರದ ಅಮ್ಮನ ದನಿ:

"ಹೂಂ ಮಾರಾಯ."

ಅವರು ಮುಂದುವರಿಸುತ್ತಾರೆ. ಮತ್ತೆ ನಿಲ್ಲುತ್ತಾರೆ. "ಹೌದಪ್ಪ, ಹೌದು."

ಟೇಪು ಮುಗಿಯುವ ಹೊತ್ತಿಗೆ ಕಾರ್ಯಕ್ರಮವೂ ಮುಗಿಯಲು ಬಂದಿದೆ. ಸ್ವೆಟರ್ ಬಿಚ್ಚಿ ಕೋಟು ತೊಟ್ಟು, ಕ್ಯಾನ್ವಾಸ್ ಶೂ ತೆಗೆದು ಹೊರಗಿನ ಬೂಟು ಹಾಕಿಕೊಳ್ಳುತ್ತಿದ್ದಾರೆ. ಅಮ್ಮನ ದನಿ, ನನಗೋ ಅವರಿಗೋ:

"ಹೊರಟ ನೋಡು. ಒಂದು ಲೋಟ ಕಾಫಿ ಕುಡ್ದು ಹೋಗು ಅಂದ್ರೆ ಒಂದು ದಿನ ನಿಲ್ಲಲ್ಲ ಈ ಮನುಷ್ಯ."